ಸಭೆಯ ಹಿರಿಯರನ್ನು ಆರಿಸುವಾಗ ಯೋಗ್ಯತೆಯನ್ನು ಅಳೆಯುವುದು ಹೇಗೆ?

ಹುಬ್ಬಳ್ಳಿಯ ಸಭಾಸದ

ಎಲ್ಲರಿಗೂ ವಂದನೆಗಳು. ನಾನು ಹುಬ್ಬಳ್ಳಿಯ ಒಂದು ಕ್ರೈಸ್ತ ಸಭೆಗೆ, ಅಂದರೆ ಚರ್ಚಿಗೆ, ಸೇರಿದವನು. ಯಾವ ಸಭೆಯೆಂದು ಹೇಳುವುದಿಲ್ಲ, ದಯವಿಟ್ಟು ಊಹಿಸುವುದಕ್ಕೂ ಹೋಗಬೇಡಿ. ಮುಂದಿನ ತಿಂಗಳು ನಮ್ಮಲ್ಲಿ ಸಭಾ ಸಮಿತಿಯ ಚುನಾವಣೆ ನಡೆಯಲಿದ್ದು, ಅಭ್ಯರ್ಥಿಗಳ ಹೆಸರುಗಳನ್ನೂ ಮತದಾರರ ಪಟ್ಟಿಯನ್ನೂ ಪರಿಶೀಲಿಸುವ ಮೂವರಲ್ಲಿ ನಮ್ಮ ಪಾದ್ರಿಗಳಾದ ಅಯ್ಯನವರು ನನ್ನನ್ನೂ ಸೇರಿಸಿದ್ದಾರೆ. ಬೇಡವೆಂದರೂ ಕೇಳಲಿಲ್ಲ.

ಕಳೆದ ಶನಿವಾರ ಪಟ್ಟಿಯನ್ನು ತಾಳೆ ನೋಡಲೆಂದು ವಂತಿಗೆಯ ರಸೀದಿ ಪುಸ್ತಕವನ್ನು ತೆರೆದೆ. ಒಂದೇ ದಿನಾಂಕ, ಒಂದೇ ಕೈಬರಹ, ಸಾಲಾಗಿ 23 ರಸೀದಿಗಳ ಕಾರ್ಬನ್ ಪ್ರತಿಗಳು. ಎಲ್ಲರದ್ದೂ ಎರಡು ವರ್ಷದ ಬಾಕಿ, ಎಲ್ಲವೂ ನಗದು. ಆ ಹೆಸರುಗಳಲ್ಲಿ ಒಬ್ಬ ವಿಧವೆ ತಾಯಿ ನಮ್ಮ ಓಣಿಯವರೇ ಆದ್ದರಿಂದ ಸಂಜೆ ಮನೆಗೆ ಹೋಗಿ ಕೇಳಿದೆ. ‘ನಾ ಎಲ್ಲಿ ಕಟ್ಟೀನಪಾ, ಯಾರೋ ಪುಣ್ಯವಂತ್ರು ಕಟ್ಟಿರಬೇಕು’ ಎಂದು ನಕ್ಕು ಚಹಾ ಕೊಟ್ಟರು. ಬಾಕಿ ತೀರಿಸದವರಿಗೆ ನಮ್ಮಲ್ಲಿ ಮತದ ಹಕ್ಕಿಲ್ಲ. ಕಟ್ಟಿದ ಪುಣ್ಯವಂತರು ಯಾರೆಂಬುದು ಇಡೀ ಸಭೆಗೆ ಗೊತ್ತು, ಅವರು ಈ ಸಲದ ಅಭ್ಯರ್ಥಿ.

ಅವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೋದ ಮಳೆಗಾಲದಲ್ಲಿ ಗುಡಿಯ (ಚರ್ಚಿನ ಕಟ್ಟಡದ) ಹಂಚು ಸೋರಿದಾಗ ರಿಪೇರಿಯ ಖರ್ಚನ್ನೆಲ್ಲ ಕೊಟ್ಟವರು ಅವರೇ. ಇನ್ನೊಂದು ಕಡೆ, ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಒಬ್ಬ ಹಿರಿಯರಿದ್ದಾರೆ. ಹದಿನೈದು ವರ್ಷಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದು, ಬೆಂಚು ಒರೆಸಿ, ಗಂಟೆ ಬಾರಿಸುವವರು. ನಿಲ್ಲಿರೆಂದರೆ ‘ನನಗೇಕೆ’ ಎನ್ನುತ್ತಾರೆ. ನಿಯಮಾವಳಿಯ ಪ್ರಕಾರ ಇಬ್ಬರೂ ಅರ್ಹರು. ಹಾಗಾದರೆ ಪರಿಶೀಲನೆ ಎಂದರೆ ವಯಸ್ಸು ಮತ್ತು ರಸೀದಿ ನೋಡುವುದು ಮಾತ್ರವೇ?

ಧಾರವಾಡದ ಮಾಸ್ತರ

ಒಳ್ಳೆಯ ಪ್ರಶ್ನೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಮೂರನೆಯ ಅಧ್ಯಾಯವನ್ನು ಎಲ್ಲರೂ ಉದ್ಧರಿಸುವುದರಿಂದ ಅದನ್ನೇ ಮೊದಲು ಸರಿಯಾಗಿ ಓದೋಣ. ಸಭಾಧ್ಯಕ್ಷನಿಗೆ ಪೌಲನು ಹೇಳುವ ಗುಣಗಳಲ್ಲಿ ಕಲಿತು ಬರುವ ಕೌಶಲವೆನ್ನಬಹುದಾದದ್ದು ಒಂದೇ, ಬೋಧಿಸುವ ಸಾಮರ್ಥ್ಯ. ಉಳಿದವೆಲ್ಲ ಮನೆ, ಕುಡಿತ, ಹಣದಾಸೆ, ಜಗಳ, ಅತಿಥಿ ಸತ್ಕಾರ, ನೆರೆಹೊರೆಯಲ್ಲಿರುವ ಹೆಸರು, ಇವುಗಳಿಗೆ ಸಂಬಂಧಿಸಿದವು. ಅಂದರೆ ಅರ್ಜಿಯನ್ನು ನೋಡಿ ತಿಳಿಯುವ ವಿಷಯ ಅಲ್ಲಿ ಒಂದೂ ಇಲ್ಲ. ಸಭಾಸೇವಕರ ಬಗ್ಗೆ ಅವನು ಇನ್ನೂ ಸ್ಪಷ್ಟ: ಮೊದಲು ಪರೀಕ್ಷೆಯಾಗಲಿ, ಆಮೇಲೆ ಸೇವೆ. ನಾವು ಮಾಡುವುದು ತಿರುಗುಮುರುಗು. ಮೊದಲು ಪದವಿ ಕೊಟ್ಟು, ಐದು ವರ್ಷ ಪರೀಕ್ಷೆಗೆ ಒಳಗಾಗುವವರು ನಾವು.

ಒಂದು ತಿದ್ದುಪಡಿಯನ್ನೂ ಮುಂಚಿತವಾಗಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಯಾರಾದರೂ ನನ್ನನ್ನೇ ತಿದ್ದುತ್ತಾರೆ. ಕನ್ನಡ ಬೈಬಲಿನ ‘ಸಭಾಧ್ಯಕ್ಷ’, ‘ಹಿರಿಯ’, ‘ಸಭಾಸೇವಕ’ ಎಂಬ ಶಬ್ದಗಳಿಗೂ ನಮ್ಮ ಚುನಾಯಿತ ಸಮಿತಿಗೂ ನೇರ ಹೊಂದಿಕೆ ಇಲ್ಲ. ತೀತನಿಗೆ ಬರೆದ ಪತ್ರಿಕೆಯ ಮೊದಲ ಅಧ್ಯಾಯದಲ್ಲಿ ಹಿರಿಯ ಮತ್ತು ಸಭಾಧ್ಯಕ್ಷ ಒಬ್ಬನೇ ವ್ಯಕ್ತಿಯ ಎರಡು ಹೆಸರುಗಳಂತೆ ಬರುತ್ತವೆ. 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಬಿಷಪ್, ಪ್ರೆಸ್ಬಿಟರ್ (ಪಾದ್ರಿ), ಡೀಕನ್ (ಸಭಾಸೇವಕ) ಎಂಬ ಮೂರು ದೀಕ್ಷಿತ ಶ್ರೇಣಿಗಳಿವೆ. ಸಮಿತಿಯ ಸದಸ್ಯರು ದೀಕ್ಷೆ ಪಡೆದವರಲ್ಲ. ಆದರೂ ಹಣ, ಆಸ್ತಿ, ಶಿಸ್ತು ಮೂರೂ ಅವರ ಕೈಯಲ್ಲಿರುವುದರಿಂದ ಅಳತೆಗೋಲು ಅದೇ ಇರಬೇಕೆಂಬುದು ನನ್ನ ಅಭಿಪ್ರಾಯ.

ಗದಗಿನ ಲೆಕ್ಕಿಗ

ಮಾಸ್ತರೇ, ಪೌಲನ ಬಳಿಗೆ ಹೋಗುವ ಮೊದಲು ರಸೀದಿ ಪುಸ್ತಕದ ಬಳಿಗೆ ಹೋಗೋಣ. ಒಬ್ಬರು 23 ಮಂದಿಯ ಬಾಕಿಯನ್ನು ಕಟ್ಟಿದರೆ ಅದು ದಾನವೇ ಹೊರತು ಆ 23 ಮಂದಿಯ ವಂತಿಗೆಯಲ್ಲ. ಆ ಮೊತ್ತವನ್ನು ಕೊಟ್ಟವರ ಹೆಸರಿನಲ್ಲೇ ಕಾಣಿಕೆಯೆಂದು ಜಮಾ ಮಾಡಿ, 23 ಮಂದಿಗೂ ತಿಳಿಸಿ, ಸ್ವತಃ ಕಟ್ಟಲು ಎರಡು ವಾರ ಕೊಡಿ. ನಿಜವಾಗಿಯೂ ಕಟ್ಟಲಾಗದ ಬಡವರಿಗೆ ಸಮಿತಿಯೇ ಮಾಫಿ ಮಾಡಲಿ.

ಹೆಬಸೂರಿನವ

ಮಾಫಿ ಮಾಡುವ ಸಮಿತಿಯಲ್ಲಿ ಇರುವವರೂ ಅವರ ಕಡೆಯವರೇ ಆಗಿದ್ದರೆ?

ಬೆಟಗೇರಿಯ ಮೊಮ್ಮಗಳು

ನೆರೆಹೊರೆಯ ಹೆಸರು ಎಂದು ಮಾಸ್ತರು ಬರೆದದ್ದನ್ನು ಓದಿ ನಮ್ಮ ಅಜ್ಜನ ನೆನಪಾಯಿತು. ಅಜ್ಜ ಬೆಟಗೇರಿಯಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದವರು. ಅವರನ್ನು ಸಭೆಯ ಹಿರಿಯರನ್ನಾಗಿ ಮಾಡಬೇಕೆಂಬ ಮಾತು ಬಂದಾಗ ಇಬ್ಬರು ಹಿರಿಯರು ನಮ್ಮ ಮನೆಗೆ ಬರಲಿಲ್ಲವಂತೆ. ಅಜ್ಜ ನೂಲು ಉದ್ರಿ ತರುತ್ತಿದ್ದ ವ್ಯಾಪಾರಿಯ ಅಂಗಡಿಗೆ ಹೋಗಿ ಕುಳಿತರಂತೆ. ಆ ವ್ಯಾಪಾರಿ ಕ್ರೈಸ್ತರಲ್ಲ, ನಮ್ಮ ಗುಡಿಯ ಮೆಟ್ಟಿಲು ಹತ್ತಿದವರೂ ಅಲ್ಲ. ‘ಈ ಮನುಷ್ಯ ಸಾಲ ತೀರಿಸುವುದು ಹೇಗೆ?’ ಎಂದು ಕೇಳಿದ್ದಕ್ಕೆ ಅವರು ಖಾತೆ ಪುಸ್ತಕವನ್ನೇ ತಿರುಗಿಸಿ ತೋರಿಸಿದರಂತೆ: ಎರಡು ಕಡೆ ತಡವಾಗಿದೆ, ಎರಡು ಸಲವೂ ತಾನೇ ಬಂದು ತಡವಾಗುತ್ತದೆಂದು ಹೇಳಿಹೋಗಿದ್ದಾನೆ. ಆ ಎರಡು ತಡಗಳೇ ಅಜ್ಜನನ್ನು ಹಿರಿಯನನ್ನಾಗಿ ಮಾಡಿದವೆಂದು ಅಜ್ಜಿ ಸಾಯುವವರೆಗೂ ಹೇಳುತ್ತಿದ್ದರು. ಅಜ್ಜನಿಗೆ ಈ ಕತೆ ಇಷ್ಟವಿರಲಿಲ್ಲ, ಸಾಲದ ವಿಷಯ ನಾಲ್ಕು ಜನರಿಗೆ ಗೊತ್ತಾಯಿತೆಂಬ ಸಂಕೋಚ.

ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಹೊಂದಿರಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಈಗ ಹೊರಗಿನವರನ್ನು ಕೇಳುವವರು ಯಾರು? ನಿಮ್ಮ ಅಭ್ಯರ್ಥಿಗಳು ಅಂಗಡಿ ಇಟ್ಟವರಾದರೆ ಹುಬ್ಬಳ್ಳಿಯ ಪೇಟೆ ದುರ್ಗದಬೈಲಿನಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಎಲ್ಲ ತಿಳಿಯುತ್ತದೆ.

ಹಾವೇರಿ ಕಡೆಯವ

ಚುನಾವಣೆಯೇ ರೋಗದ ಮೂಲ. ನಮ್ಮ ಕಡೆಯ ಸಣ್ಣ ಸಭೆಯಲ್ಲಿ ಎಲ್ಲರೂ ಕುಳಿತು ಮಾತನಾಡಿ ಅವಿರೋಧವಾಗಿ ಆರಿಸುತ್ತೇವೆ. ಪ್ಯಾನೆಲ್ ಇಲ್ಲ, ಚೀಟಿ ಹಂಚುವುದಿಲ್ಲ, ಮನೆಮನೆಗೆ ತಿರುಗುವುದಿಲ್ಲ. ದೇವರ ಮನೆಗೆ ಪಂಚಾಯತಿ ರಾಜಕಾರಣವನ್ನು ತಂದವರು ನಾವೇ.

ಗದಗಿನ ಲೆಕ್ಕಿಗ

ಅಣ್ಣಾ, ಗ್ರಾಮ ಪಂಚಾಯತಿಯಲ್ಲಿ ‘ಅವಿರೋಧ’ ಎಂಬುದು ಕೆಲವು ಕಡೆ ಹೇಗೆ ಆಗುತ್ತದೆಂಬುದು ನಿಮಗೂ ಗೊತ್ತಿದೆ. ದೇವಸ್ಥಾನಕ್ಕೆ ಇಷ್ಟು ಎಂದು ಸವಾಲು ಕೂಗಿ ಸದಸ್ಯತ್ವವನ್ನೇ ಮಾರಿದ ಸುದ್ದಿಗಳನ್ನು ಓದಿದ್ದೇವೆ. ವಿರೋಧ ಇಲ್ಲ ಎಂದ ಮಾತ್ರಕ್ಕೆ ಒಪ್ಪಿಗೆ ಇದೆ ಎಂದಾಗುವುದಿಲ್ಲ, ಎದುರು ಮಾತನಾಡಿದರೆ ನಾಳೆ ಹೆಣ ಎತ್ತಲೂ ಯಾರೂ ಬರುವುದಿಲ್ಲವೆಂಬ ಭಯವೂ ಇರಬಹುದು.

ಹಾವೇರಿ ಕಡೆಯವ

ನಮ್ಮಲ್ಲಿ ಹಾಗಿಲ್ಲ. ಆದರೆ ನಿಮ್ಮ ಮಾತಿನ ಕೊನೆಯ ಭಾಗವನ್ನು ಪೂರ್ತಿ ಅಲ್ಲಗಳೆಯಲಾರೆ.

ಕೇಶ್ವಾಪುರದ ಓದುಗ

ಚುನಾವಣೆಯೂ ಬೇಡ, ಅವಿರೋಧವೂ ಬೇಡವೆನ್ನುವುದಾದರೆ ಚೀಟಿ ಎತ್ತಿ. ಯೇಸುವಿಗೆ ದ್ರೋಹ ಬಗೆದ ಶಿಷ್ಯ ಯೂದನ ಸ್ಥಾನಕ್ಕೆ ಮತ್ತೀಯನು ಬಂದದ್ದು ಹಾಗೆಯೇ, ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯವನ್ನು ನೋಡಿ. ಈಜಿಪ್ಟಿನ ಕಾಪ್ಟಿಕ್ ಸಭೆಯವರು ಇಂದಿಗೂ ತಮ್ಮ ಪೋಪರನ್ನು ಆರಿಸುವಾಗ ಕೊನೆಯ ಮೂರು ಹೆಸರುಗಳನ್ನು ಪಾತ್ರೆಯಲ್ಲಿಟ್ಟು, ಕಣ್ಣು ಕಟ್ಟಿದ ಹುಡುಗನಿಂದ ಎತ್ತಿಸುತ್ತಾರೆ. 2012ರ ನವೆಂಬರಿನಲ್ಲಿ ಎರಡನೆಯ ತವಾದ್ರೋಸ್ ಅವರ ಹೆಸರು ಹಾಗೆಯೇ ಬಂದದ್ದನ್ನು ಟಿ.ವಿ.ಯಲ್ಲಿ ತೋರಿಸಿದ್ದರು.

ಧಾರವಾಡದ ಮಾಸ್ತರ

ನೀವು ಹೇಳಿದ್ದರಲ್ಲೇ ಉತ್ತರವಿದೆ. ಹುಡುಗ ಕೈ ಹಾಕುವುದಕ್ಕೆ ಮೊದಲೇ ಅಲ್ಲಿ ಸೋಸುವ ಕೆಲಸ ಮುಗಿದಿರುತ್ತದೆ. ಆ ಮೂರರಲ್ಲಿ ಯಾವ ಹೆಸರು ಬಂದರೂ ಸಭೆಗೆ ನಷ್ಟವಿಲ್ಲ. ಮತ್ತೀಯನ ವಿಷಯದಲ್ಲೂ ಅಷ್ಟೆ. ಯೇಸುವಿನ ಜೊತೆ ಮೊದಲಿನಿಂದ ಕೊನೆಯವರೆಗೆ ತಿರುಗಾಡಿದವರೇ ಆಗಿರಬೇಕೆಂದು ಪೇತ್ರನು ಅರ್ಹತೆಯನ್ನು ಮೊದಲೇ ಹೇಳಿ, ಇಬ್ಬರನ್ನು ನಿಲ್ಲಿಸಿದ ಮೇಲೆ ಚೀಟಿ ಬಂತು. ಸೋಸದೆ ಚೀಟಿ ಎತ್ತಿದರೆ ನಮ್ಮ 23 ರಸೀದಿಯ ಮಹನೀಯರ ಹೆಸರೂ ಬರಬಹುದು, ಆಗ ಅದು ದೇವರ ಚಿತ್ತವೆಂದು ಬೇರೆ ಹೇಳುತ್ತಾರೆ.

ಅದಕ್ಕಿಂತ ಅದೇ ಪುಸ್ತಕದ ಆರನೆಯ ಅಧ್ಯಾಯ ನಮಗೆ ಹೆಚ್ಚು ಹತ್ತಿರ. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ಅನ್ಯಾಯವಾಗುತ್ತಿದೆಯೆಂಬ ದೂರು ಬಂದಾಗ ಅಪೊಸ್ತಲರು ಏಳು ಮಂದಿಯನ್ನು ಆರಿಸಿರೆಂದು ಸಭೆಗೇ ಬಿಟ್ಟರು. ಸಭೆ ಆರಿಸಿದ ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ ಈ ಏಳೂ ಗ್ರೀಕ್ ಹೆಸರುಗಳು. ದೂರು ಕೊಟ್ಟವರ ಕಡೆಯವರ ಕೈಗೇ ಹಂಚುವ ಸೌಟು ಹೋಯಿತೆಂದು ಇದನ್ನು ಅರ್ಥ ಮಾಡುವವರಿದ್ದಾರೆ, ನಾನೂ ಹಾಗೆಯೇ ಓದುತ್ತೇನೆ. ನಮ್ಮ ಯಾವ ಸಮಿತಿ ಇಷ್ಟು ದೊಡ್ಡ ಮನಸ್ಸು ಮಾಡಿದೆ ಹೇಳಿ.

ಮೂವತ್ತು ವರ್ಷದ ಹೊಸಬ

ಸೌಟಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ದೀಕ್ಷಾಸ್ನಾನ ಪಡೆದು ಮೂವತ್ತು ವರ್ಷಗಳಾದವು. ನಮ್ಮ ಸಭೆಯಲ್ಲಿ ಇಂದಿಗೂ ನಾನು ‘ಹೊಸಬ’. ಪೌಲನು ಹೊಸದಾಗಿ ನಂಬಿದವನನ್ನು ಆರಿಸಬೇಡವೆಂದಿದ್ದಾನೆ ಎಂಬ ವಚನವನ್ನು ನನ್ನ ಮುಂದೆ ಮೂರು ಚುನಾವಣೆಗಳಲ್ಲಿ ಓದಿದ್ದಾರೆ. ಇಲ್ಲಿಗೆ ಕ್ರೈಸ್ತ ಧರ್ಮವನ್ನು ತಂದ ಬಾಸೆಲ್ ಮಿಷನ್ ಕಾಲದಿಂದ ಬಂದ ಮನೆತನಗಳ ಹುಡುಗರು, ನಾನು ಸಂಡೇ ಸ್ಕೂಲಿನಲ್ಲಿ ಕಲಿಸಿದವರು, ಇಪ್ಪತ್ತೈದಕ್ಕೇ ಸಮಿತಿಯಲ್ಲಿ ಕೂರುತ್ತಾರೆ. ಯೋಗ್ಯತೆ ಎಂಬ ಮಾತಿನ ಹಿಂದೆ ನಮ್ಮಲ್ಲಿ ಅಡ್ಡಹೆಸರು ಅಡಗಿ ಕುಳಿತಿದೆ.

ಕೇಶ್ವಾಪುರದ ಓದುಗ

ಅಂಬ್ರೋಸನ ಕತೆಯನ್ನು ಅವರಿಗೆ ಹೇಳಿ. 374ರಲ್ಲಿ ಮಿಲಾನಿನ ಜನ ಅವನನ್ನು ಬಿಷಪ್ ಆಗಬೇಕೆಂದು ಕೂಗಿದಾಗ ಅವನಿಗೆ ದೀಕ್ಷಾಸ್ನಾನವೇ ಆಗಿರಲಿಲ್ಲ. ಕೆಲವೇ ದಿನಗಳಲ್ಲಿ ಸ್ನಾನವೂ ಆಯಿತು, ಅಭಿಷೇಕವೂ ಆಯಿತು. ಇಂದು ಅವನು ಪಶ್ಚಿಮದ ಸಭೆಯ ಮಹಾನ್ ಆಚಾರ್ಯರಲ್ಲಿ ಒಬ್ಬ.

ಧಾರವಾಡದ ಮಾಸ್ತರ

ಅವನು ಆ ಪ್ರಾಂತದ ರಾಜ್ಯಪಾಲನಾಗಿದ್ದು, ಊರಿಗೆಲ್ಲ ಅವನ ಆಡಳಿತ ಗೊತ್ತಿತ್ತು. ಸ್ನಾನಕ್ಕೆ ಹೊಸಬನಾದರೂ ಜನರ ಕಣ್ಣಿಗೆ ಹೊಸಬನಲ್ಲ. ಆದರೂ ಅದನ್ನು ನಿಯಮ ಮಾಡಿಕೊಳ್ಳುವುದು ಬೇಡ. ಮೂವತ್ತು ವರ್ಷದ ಹೊಸಬರಿಗೆ ಆದ ಅನ್ಯಾಯದ ಬಗ್ಗೆ ಮಾತ್ರ ಎರಡು ಮಾತಿಲ್ಲ. ಪೌಲನು ಹೇಳಿದ ಹೊಸಬನು ಗರ್ವದಿಂದ ಉಬ್ಬುವವನು, ಮನೆತನದ ಗರ್ವಕ್ಕೂ ಆ ಮಾತು ಸಲ್ಲುತ್ತದೆ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಾಸೆಲ್ ಮಿಷನ್ ಬಂದಾಗ ನಮ್ಮ ಮುತ್ತಜ್ಜಂದಿರೆಲ್ಲರೂ ಹೊಸಬರೇ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದಾಗ ಸಭೆಯ ಭಾರ ಆ ಹೊಸಬರ ಮಕ್ಕಳ ಹೆಗಲಿಗೇ ಬಿತ್ತು.

ಶುಭ ಸಮಾಚಾರ

ಮಹಿಳೆಯರ ಸ್ಥಾನಗಳ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ, ಒಳ್ಳೆಯದೇ ಆಯಿತು. ‘ಒಬ್ಬಳೇ ಹೆಂಡತಿಯುಳ್ಳವನು’ ಎಂದು ಸ್ಪಷ್ಟವಾಗಿ ಬರೆದಿರುವಾಗ ಹಿರಿಯರ ಸ್ಥಾನ ಪುರುಷರದ್ದೇ.

ಬೆಟಗೇರಿಯ ಮೊಮ್ಮಗಳು

ಸಹೋದರರೇ, ಹಾಗೆ ಅಕ್ಷರಕ್ಕೆ ಜೋತುಬಿದ್ದರೆ ಹೆಂಡತಿಯೇ ಇಲ್ಲದ ಪೌಲನನ್ನೂ ನೀವು ಅನರ್ಹಗೊಳಿಸಬೇಕಾಗುತ್ತದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೆಯ ಅಧ್ಯಾಯದಲ್ಲಿ ಕೆಂಖ್ರೆಯ ಸಭೆಯ ಸೇವಕಿ ಫೊಯಿಬೆಯ ಹೆಸರು ಮೊದಲನೆಯ ವಚನದಲ್ಲೇ ಇದೆ. ದಕ್ಷಿಣ ಭಾರತ ಸಭೆ ಸ್ತ್ರೀಯರಿಗೆ ಪ್ರೆಸ್ಬಿಟರ್ ದೀಕ್ಷೆ ಕೊಡಲು ಶುರು ಮಾಡಿ ದಶಕಗಳಾದವು. 2013ರಲ್ಲಿ ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಬಿಷಪ್ ಆಗಬಹುದಾದವರು ನಿಮ್ಮ ಸಮಿತಿಯಲ್ಲಿ ಕುರ್ಚಿ ಹಿಡಿಯಬಾರದೇ? ಸುಗ್ಗಿ ಹಬ್ಬದಲ್ಲಿ ಐವತ್ತು ರೂಪಾಯಿಯ ಕುಂಬಳಕಾಯಿಯನ್ನು ಸವಾಲಿನಲ್ಲಿ ಎಂಟು ನೂರಕ್ಕೆ ಏರಿಸುವವರು ನಾವು, ಲೆಕ್ಕ ಬರೆಯುವ ಹೊತ್ತಿಗೆ ಮಾತ್ರ ಅಡುಗೆ ಮನೆಗೆ ಹೋಗಬೇಕು.

ಶುಭ ಸಮಾಚಾರ

ಕುಂಬಳಕಾಯಿಗೂ ವೇದವಾಕ್ಯಕ್ಕೂ ಏನು ಸಂಬಂಧ? ನಾನು ಒಪ್ಪುವುದಿಲ್ಲ.

ಬೆಳಗಾವಿ ಪ್ರಾಂತದ ಕಥೋಲಿಕ

ಧಾರವಾಡ, ಗದಗ, ಹಾವೇರಿಯ ಕಥೋಲಿಕರಾದ ನಾವು ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ನಮ್ಮಲ್ಲಿ ಈ ಚುನಾವಣೆಯ ತಲೆನೋವಿಲ್ಲ, ಬೇರೆ ತಲೆನೋವುಗಳಿವೆ. ಬಿಷಪರನ್ನು ನೇಮಿಸುವವರು ಪೋಪರು. 1983ರ ಧರ್ಮಸಂಹಿತೆಯ ಪ್ರಕಾರ ಅಭ್ಯರ್ಥಿಗೆ ಕನಿಷ್ಠ 35 ವರ್ಷ ವಯಸ್ಸಾಗಿದ್ದು, ಗುರುದೀಕ್ಷೆಯಾಗಿ ಕನಿಷ್ಠ ಐದು ವರ್ಷ ಕಳೆದಿರಬೇಕು, ಒಳ್ಳೆಯ ಹೆಸರಿರಬೇಕು. ಪ್ರತಿ ಧರ್ಮಕೇಂದ್ರಕ್ಕೂ (ಸ್ಥಳೀಯ ಚರ್ಚಿಗೂ) ಹಣಕಾಸು ಮಂಡಳಿ ಕಡ್ಡಾಯ. ಪಾಲನಾ ಪರಿಷತ್ತಿನ ಮಾತು ಸಲಹೆ ಮಾತ್ರ. ನಮ್ಮ ಜನ ‘ನಮಗೆ ಓಟು ಇಲ್ಲ’ ಎಂದು ಕೊರಗುತ್ತಾರೆ, ನೀವು ಓಟು ಇದ್ದು ಕೊರಗುತ್ತೀರಿ.

ನವನಗರದ ಯುವಕ

ಎರಡೂ ಇಲ್ಲದ ನಮ್ಮ ಸ್ವತಂತ್ರ ಸಭೆಯ ಸ್ಥಿತಿಯನ್ನು ಕೇಳಿ. ಪಾಸ್ಟರೇ ಸ್ಥಾಪಕರು, ಟ್ರಸ್ಟಿನಲ್ಲಿ ಅವರ ಶ್ರೀಮತಿ ಮತ್ತು ಭಾವಮೈದುನ. ಈಗ ಮಗನ ಫೋಟೋ ಬ್ಯಾನರಿನಲ್ಲಿ ತಂದೆಯ ಫೋಟೋದಷ್ಟೇ ದೊಡ್ಡದಾಗಿ ಬಂದಿದೆ. ಹುಡುಗ ಒಳ್ಳೆಯವನು, ಗಿಟಾರ್ ಚೆನ್ನಾಗಿ ನುಡಿಸುತ್ತಾನೆ. ಅವನನ್ನು ಯಾರು ಪರೀಕ್ಷಿಸಿದರು ಎಂದು ಕೇಳಿದ್ದಕ್ಕೆ ನನ್ನನ್ನು ಆರಾಧನಾ ತಂಡದ ವಾಟ್ಸಾಪ್ ಗುಂಪಿನಿಂದ ತೆಗೆದರು. ಮಂದೆಯ ಮೇಲೆ ದೊರೆತನ ಮಾಡದೆ ಅದಕ್ಕೆ ಮಾದರಿಯಾಗಿರಬೇಕೆಂದು ಪೇತ್ರನು ಹಿರಿಯರಿಗೆ ಬರೆದ ಮಾತನ್ನು ಆ ಗುಂಪಿನಲ್ಲಿ ಕಳಿಸಿದ್ದೇ ನನ್ನ ಕೊನೆಯ ಸಂದೇಶ.

ಹೆಬಸೂರಿನವ

ನಿಮ್ಮನ್ನು ತೆಗೆದರು, ನಮ್ಮಲ್ಲಿ ಪ್ಯಾನೆಲಿಗೆ ಸೇರಿಸುತ್ತಾರೆ. ಯಾವುದು ಮೇಲು ಎಂದು ಹೇಳುವುದು ಕಷ್ಟ.

ಗದಗಿನ ಲೆಕ್ಕಿಗ

ಗುಣದ ಬಗ್ಗೆ ಎಲ್ಲರೂ ಬರೆದಿದ್ದೀರಿ, ಕೆಲಸದ ತಿಳಿವಳಿಕೆಯೂ ಯೋಗ್ಯತೆಯೇ. ಬಾಗಿಲು ತೆಗೆಯುವ ಹಿರಿಯರು ಸಂತರೇ ಇರಬಹುದು, ಅವರನ್ನು ಖಜಾಂಚಿ ಮಾಡುವ ಮೊದಲು ಬ್ಯಾಂಕಿನ ಪಟ್ಟಿಗೂ ನಗದು ಪುಸ್ತಕಕ್ಕೂ ತಾಳೆ ನೋಡಲು ಬರುತ್ತದೆಯೇ ಎಂದು ಕೇಳಿ. ಹೊರದೇಶದ ದೇಣಿಗೆ ಬರುವ ಸಭೆಯಾದರೆ, ವಿದೇಶಿ ದೇಣಿಗೆ ಕಾಯ್ದೆಯ 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಇದು ಗೊತ್ತಿಲ್ಲದ ಪ್ರಾಮಾಣಿಕನು ಗೊತ್ತಿರುವ ಅಪ್ರಾಮಾಣಿಕನಷ್ಟೇ ತೊಂದರೆ ತರಬಲ್ಲ. ಕಾಣಿಕೆಯನ್ನು ಆರಾಧನೆ ಮುಗಿದ ಕೂಡಲೇ ನೆಂಟರಲ್ಲದ ಇಬ್ಬರು ಎಣಿಸಿ ಸಹಿ ಹಾಕಲಿ, ಸೋಮವಾರ ಬ್ಯಾಂಕಿಗೆ ಹೋಗಲಿ. ಇಷ್ಟು ಮಾಡಿದರೆ ಅರ್ಧ ಅನುಮಾನ ಹುಟ್ಟುವುದೇ ಇಲ್ಲ.

ಧಾರವಾಡದ ಮಾಸ್ತರ

ಒಪ್ಪಿದೆ ತಮ್ಮಾ. ಮೋಶೆಗೆ ಮಾವನಾದ ಇತ್ರೋನನು ಹೇಳಿದ್ದರಲ್ಲೂ ಎರಡೂ ಸೇರಿವೆ: ಸಮರ್ಥರೂ ಆಗಿರಬೇಕು, ಲಂಚವನ್ನು ದ್ವೇಷಿಸುವವರೂ ಆಗಿರಬೇಕು. ಆದರೆ ತಾಳೆ ನೋಡುವುದನ್ನು ಎರಡು ಭಾನುವಾರಗಳಲ್ಲಿ ಕಲಿಸಬಹುದು, ಲಂಚದ ದ್ವೇಷವನ್ನು ಕಲಿಸುವ ತರಗತಿ ಎಲ್ಲಿದೆ?

ಬೆಟಗೇರಿಯ ಮೊಮ್ಮಗಳು

ನನಗೊಂದು ವಿಚಾರ ಹೊಳೆದಿದೆ. ನಮ್ಮಲ್ಲಿ ಮದುವೆಯಾಗುವವರ ಹೆಸರನ್ನು ಮೂರು ಭಾನುವಾರ ಗುಡಿಯಲ್ಲಿ ಓದುತ್ತಾರೆ. ಈ ವಿವಾಹಕ್ಕೆ ಅಡ್ಡಿಯೇನಾದರೂ ತಿಳಿದಿದ್ದರೆ ಹೇಳಬೇಕೆಂದು ಕೇಳುತ್ತಾರೆ. ಇಬ್ಬರ ಬಾಳಿಗೆ ಅಷ್ಟು ಎಚ್ಚರ ವಹಿಸುವ ಸಭೆ, ನಾನೂರು ಮನೆಯ ಹೊಣೆ ಹೊರುವವರ ಹೆಸರನ್ನು ನಾಮಪತ್ರದ ಕೊನೆಯ ದಿನ ಗೋಡೆಗೆ ಅಂಟಿಸಿ ಸುಮ್ಮನಾಗುತ್ತದೆ. ಇವರ ಹೆಸರನ್ನೂ ಮೂರು ಭಾನುವಾರ ಓದಬಾರದೇಕೆ?

ಹಾವೇರಿ ಕಡೆಯವ

ಅಕ್ಕಾವರೇ, ಮೂರು ಭಾನುವಾರ ಕೊಟ್ಟರೆ ಮೂರು ವಾರ ಚಾಡಿ. ಆಗದವರ ಮೇಲೆ ಸುಳ್ಳು ಹುಟ್ಟಿಸಲು ಒಂದು ರಾತ್ರಿ ಸಾಕು.

ಧಾರವಾಡದ ಮಾಸ್ತರ

ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ತೆಗೆದುಕೊಳ್ಳಬೇಡವೆಂದು ತಿಮೊಥೆಯನಿಗೆ ಹೇಳಿದ್ದು ಈ ಭಯಕ್ಕಾಗಿಯೇ. ಆಕ್ಷೇಪಣೆ ಬರವಣಿಗೆಯಲ್ಲಿರಲಿ, ಕೆಳಗೆ ಸಹಿ ಇರಲಿ, ಅಯ್ಯನವರು ಇಬ್ಬರು ಹಿರಿಯರ ಮುಂದೆ ವಿಚಾರಿಸಲಿ, ಅಭ್ಯರ್ಥಿಗೆ ಉತ್ತರಿಸುವ ಅವಕಾಶವಿರಲಿ. ಹೆಸರಿಲ್ಲದ ಪತ್ರ ಒಲೆಗೆ ಹೋಗಲಿ. ಮೊಮ್ಮಗಳ ವಿಚಾರ ನನಗೆ ಬಹಳ ಹಿಡಿಸಿತು. ಪೂರ್ವದ ಸಭೆಗಳಲ್ಲಿ ದೀಕ್ಷೆಯ ಹೊತ್ತಿಗೆ ಜನರು ‘ಆಕ್ಸಿಯೋಸ್’, ಅಂದರೆ ‘ಯೋಗ್ಯನು’, ಎಂದು ಕೂಗುವ ಪದ್ಧತಿ ಇಂದಿಗೂ ಇದೆ. ಯೋಗ್ಯನೆಂದು ಬಾಯಿ ಬಿಟ್ಟು ಹೇಳುವವರಿಗೆ ಅಲ್ಲವೆನ್ನುವ ಹಕ್ಕೂ, ಅದಕ್ಕೆ ಸಹಿ ಹಾಕುವ ಧೈರ್ಯವೂ ಇರಬೇಕು.

ಹುಬ್ಬಳ್ಳಿಯ ಸಭಾಸದ

ಎರಡು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಲೆಕ್ಕಿಗರು ಹೇಳಿದಂತೆ ಆ ಹಣವನ್ನು ಕೊಟ್ಟವರ ಹೆಸರಿನಲ್ಲಿ ಕಾಣಿಕೆಯೆಂದು ಜಮಾ ಮಾಡಿ, 23 ಮನೆಗಳಿಗೂ ನಾವು ಮೂವರು ನಡೆದು ಹೋಗಿ ತಿಳಿಸಿದೆವು. ಇಲ್ಲಿಯವರೆಗೆ ಒಂಬತ್ತು ಮಂದಿ ತಾವೇ ಬಂದು ಕಟ್ಟಿದ್ದಾರೆ. ಚಹಾ ಕೊಟ್ಟ ತಾಯಿ ಸೆರಗಿನ ಗಂಟು ಬಿಚ್ಚಿ ಅರ್ಧ ಕೊಟ್ಟರು, ಉಳಿದರ್ಧವನ್ನು ಸುಗ್ಗಿ ಹಬ್ಬಕ್ಕೆ ಕೊಡುತ್ತೇನೆಂದರು, ಅಯ್ಯನವರು ಹೂಂ ಎಂದರು. ಆ ಮಹನೀಯರು ನನ್ನೊಡನೆ ಮಾತು ಬಿಟ್ಟಿದ್ದಾರೆ. ‘ಬಡವರ ಬಾಕಿ ಕಟ್ಟಿದ್ದು ಪಾಪವೇ?’ ಎಂದು ಗುಡಿಯ ಅಂಗಳದಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಕೇಳಿದರು. ಅಯ್ಯನವರು ಶಾಂತವಾಗಿ, ‘ಹೋದ ವರ್ಷವೂ ಅವರು ಬಡವರೇ ಇದ್ದರಲ್ಲ’ ಎಂದಷ್ಟೇ ಹೇಳಿ ಒಳಗೆ ಹೋದರು. ನಾಮಪತ್ರವನ್ನು ಅವರು ಹಿಂತೆಗೆದಿಲ್ಲ, ಗೆದ್ದರೂ ಗೆಲ್ಲಬಹುದು.

ಹೆಸರುಗಳನ್ನು ಮೊದಲ ಭಾನುವಾರ ಓದಿದ್ದೇವೆ. ಸಹಿ ಇರುವ ಆಕ್ಷೇಪಣೆ ಒಂದು ಬಂದಿದೆ, ಅದು ನೀವು ಊಹಿಸಿದವರ ಮೇಲೆ ಅಲ್ಲ, ನಮ್ಮ ಮೂವರಲ್ಲಿ ಒಬ್ಬರ ತಮ್ಮನ ಮೇಲೆ. ಆ ವಿಚಾರಣೆಯಲ್ಲಿ ಅವರು ಕೂರುವುದಿಲ್ಲ. ಬಾಗಿಲು ತೆಗೆಯುವ ಹಿರಿಯರು ಕೊನೆಗೂ ಒಪ್ಪಿದ್ದಾರೆ. ‘ಸಮಿತಿಗೆ ಬಂದರೆ ಭಾನುವಾರ ಗಂಟೆ ಬಾರಿಸುವವರು ಯಾರು?’ ಎಂಬುದೊಂದೇ ಅವರ ತಕರಾರಾಗಿತ್ತು, ಎರಡನ್ನೂ ಮಾಡಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲವಂತೆ.

ಗದಗಿನ ಲೆಕ್ಕಿಗ

ಸಂತೋಷ. ಗುಡಿಯ ಬೀಗದ ಕೈ ಅವರೊಬ್ಬರ ಹತ್ತಿರವೇ ಇದ್ದರೆ ಇನ್ನೊಂದನ್ನು ಈ ವಾರವೇ ಮಾಡಿಸಿ, ರಸೀದಿ ತೆಗೆದುಕೊಳ್ಳಿ.